ಕಂಫರ್ಟ್ ಅಂದ್ರೆ ಮೆತ್ತಗಿನ ಮಾತೇನು?

'ಕಂಫರ್ಟ್' ಅಂದ ಕೂಡಲೇ ನಿಮ್ಮ ತಲ್ಯಾಗ ಏನ್ ಬರ್ತದ? ಮೆತ್ತನೆ ಸೋಫಾ, ಎಸಿ ಬಸ್ಸು, ಇಲ್ಲಾ ಬಟ್ಟೆ ಮೆತ್ತಗಾಗಲಿ ಅಂತ ಹಾಕೋ ಆ ನೀಲಿ ಬಾಟಲಿ! ಆದರೆ ಆ ಶಬ್ದದ ಬೇರು ಲ್ಯಾಟಿನ್ನಿನ 'ಫೋರ್ಟಿಸ್', ಅಂದ್ರೆ ಬಲವುಳ್ಳದ್ದು. ಕೋಟೆಗೆ 'ಫೋರ್ಟ್' ಅಂತೀವಲ್ಲ, ಅದೂ ಇದೇ ಬೇರಿನದು. ಕಂಫರ್ಟ್ ಅಂದ್ರೆ ಮೊದಲು ಬಲಪಡಿಸೋದು ಅಂತಲೇ ಅರ್ಥ ಇತ್ತು. ಫಿಲಿಪ್ಪಿ 4:13ರಲ್ಲಿ ಪೌಲನು ತನ್ನನ್ನು ಬಲಪಡಿಸುವಾತನ ಬಗ್ಗೆ ಹೇಳ್ತಾನ. ಅಲ್ಲಿ 1380ರ ದಶಕದ ವಿಕ್ಲಿಫ್ ಬೈಬಲ್ ಇದೇ ಶಬ್ದ ಬಳಸ್ತದ.

1611ರ ಇಂಗ್ಲಿಷ್ ಬೈಬಲ್ ಪವಿತ್ರಾತ್ಮನನ್ನು 'ಕಂಫರ್ಟರ್' ಅಂತು. ನಮ್ಮ ಕನ್ನಡ ಬೈಬಲ್ 'ಸಹಾಯಕ' ಅಂತದ, ನನಗಂತೂ ಇದೇ ಚಲೋ ಅನಸ್ತದ. ಮೂಲ ಗ್ರೀಕ್ ಶಬ್ದ 'ಪಾರಕ್ಲೇತೊಸ್'. ಪಕ್ಕಕ್ಕೆ ಬಂದು ನಿಲ್ಲಲು ಕರೆಯಲ್ಪಟ್ಟವನು.

ನಮ್ಮ ಗೋಕಾಕ, ಹುಕ್ಕೇರಿ ಕಡೆ ಆಯಿಗಳಿಗೆ ಲ್ಯಾಟಿನ್ ಬೇಕಾಗಿಲ್ಲ. ಸತ್ತವರ ಮನಿಗೆ ಹೊಂಟ್ರ "ಧೈರ್ಯ ಹೇಳಿ ಬರ್ತೀವಿ" ಅಂತಾರ. ಆ ಮನ್ಯಾಗ ಒಲಿ ಹಚ್ಚಿರೂದಿಲ್ಲ ಅಂತ ರೊಟ್ಟಿ ಬುತ್ತಿನೂ ಕಟ್ಕೊಂಡು ಹೋಗ್ತಾರ. 2019ರ ಆಗಸ್ಟ್‌ದಾಗ ಘಟಪ್ರಭಾ ಉಕ್ಕಿ ಗೋಕಾಕ ಪ್ಯಾಟಿಗೇ ನೀರು ನುಗ್ಗಿದಾಗ, ಮೂಡಲಗಿ ಕಡೆ ಹಳ್ಳಿ ಮುಳುಗಿದಾಗ, ಬೇಕಾಗಿದ್ದುದೂ ಅಂಥಾ ಧೈರ್ಯವೇ.

ನಾವು ವಿಶ್ವಾಸಿಗಳು ಏನ್ ಹೇಳ್ತೀವಿ? "ದೇವರ ಚಿತ್ತ, ಅಳಬ್ಯಾಡ್ರಿ." ಇನ್ನೂ ಕೆಲವರು, "ನಂಬಿಕೆ ಗಟ್ಟಿ ಇದ್ದಿದ್ರ ವಾಸಿ ಆಗ್ತಿತ್ತು." ಮಗನನ್ನು ಮಣ್ಣಿಗಿಟ್ಟು ಬಂದ ತಾಯಿಗೆ ಈ ಮಾತು! ಇದು ಬಲ ಕೊಡೂದಿಲ್ಲ, ಉಳಿದ ಬಲಾನೂ ಕಸ್ಕೊಳ್ತದ. ಯೋಬನ ಗೆಳೆಯರನ್ನು ನೋಡ್ರಿ. ಏಳು ದಿನ ನೆಲದ ಮೇಲೆ ಸುಮ್ಮನೆ ಕೂತಿದ್ರು, ಅಲ್ಲೀತನಕ ಅವರು ಒಳ್ಳೆ ಗೆಳೆಯರೇ. ಬಾಯಿ ತೆರೆದ ಮೇಲೆ ತಪ್ಪು ಹುಡುಕಾಕ ಹತ್ತಿದ್ರು.

ಹಂಗಾದ್ರ ಮೆತ್ತಗಿನ ಮಾತೇ ಬ್ಯಾಡೇನು? ಬೇಕು. ಆದರೆ ಕೇಳಿದವರು ನಾಳೆ ಮುಂಜಾನೆ ಎದ್ದು ನಿಲ್ಲಾಕ ಅದರಿಂದ ಆಸರೆ ಸಿಗಬೇಕು. ಯೇಸುಸ್ವಾಮಿಗೆ ಲಾಜರನನ್ನು ಎಬ್ಬಿಸ್ತೀನಿ ಅಂತ ಗೊತ್ತಿತ್ತು. ಆದರೂ ಮರಿಯಳಿಗೆ "ಅಳಬ್ಯಾಡ" ಅನ್ನಲಿಲ್ಲ, ತಾನೂ ಅತ್ತ.

ಈ ಭಾನುವಾರ ಆರಾಧನೆ ಮುಗಿದ ಮೇಲೆ ಹುಕ್ಕೇರಿ ಕಡೆ ಒಂದು ಮನಿಗೆ ಹೋಗೋರಿದ್ದೀವಿ. ಪ್ರಸಂಗ ಇರೂದಿಲ್ಲ. ಬರೋರು ಬುತ್ತಿ ತಗೊಂಡು ಬರ್ರಿ, ಸಂಜೀತನಕ ಕೂಡೋ ಪುರಸತ್ತು ಇಟ್ಕೊಂಡು ಬರ್ರಿ.