ಬೇಡವೆಂದ ಹಾಡು ಯಾರ ಪಾಲು?

ಹಾಡು ಕಟ್ಟಿದವರು ಮುಂದೊಂದು ದಿನ ಅದನ್ನು 'ನಮ್ಮದಲ್ಲ' ಎಂದು ಕೈಬಿಡಬಹುದೆ? ಅವರು ಕೈಬಿಟ್ಟ ಮೇಲೂ ಅದನ್ನು ಜೋಪಾನ ಮಾಡುವವರು ತಪ್ಪು ಮಾಡಿದಂತೆಯೆ? ಹಳೆಯ ರೆಕಾರ್ಡುಗಳನ್ನು ಕೂಡಿಸುವವರಿಗೆ ಈ ಪ್ರಶ್ನೆ ಇವತ್ತಲ್ಲ ನಾಳೆ ಎದುರಾಗುತ್ತದೆ. ನನಗೆ ಎದುರಾದದ್ದು ಜರ್ಮನಿಯ ಕ್ರಾಫ್ಟ್‌ವರ್ಕ್ ತಂಡದಿಂದ.

ರಾಲ್ಫ್ ಹ್ಯೂಟರ್ ಮತ್ತು ಫ್ಲೋರಿಯಾನ್ ಶ್ನೈಡರ್ 1970ರಲ್ಲಿ ಡ್ಯುಸೆಲ್‌ಡಾರ್ಫ್‌ನಲ್ಲಿ ಕಟ್ಟಿದ ತಂಡ ಇದು. ಹೆಸರಿನ ಅರ್ಥ ವಿದ್ಯುತ್ ಸ್ಥಾವರ. ಇವತ್ತಿನ ಎಲೆಕ್ಟ್ರಾನಿಕ್ ಸಂಗೀತಕ್ಕೆ ದಾರಿ ಮಾಡಿಕೊಟ್ಟವರಲ್ಲಿ ಇವರು ಮೊದಲ ಸಾಲಿನವರು. ಇವರ ರೆಕಾರ್ಡುಗಳು ದೇಶದಿಂದ ದೇಶಕ್ಕೆ ಬದಲಾಗುತ್ತವೆ. 1981ರ ಕ್ಯಾಲ್ಕುಲೇಟರ್ ಹಾಡು ಜರ್ಮನ್, ಇಂಗ್ಲಿಷ್, ಫ್ರೆಂಚ್, ಜಪಾನಿ ನಾಲ್ಕೂ ಭಾಷೆಗಳಲ್ಲಿದೆ. 1974ರ 'ಆಟೋಬಾನ್' ಆಲ್ಬಮ್ಮಿನಲ್ಲಿ 22 ನಿಮಿಷ ದಾಟುವ ಹಾಡು ಅಮೆರಿಕದ ಸಿಂಗಲ್‌ನಲ್ಲಿ ಸುಮಾರು ಮೂರೂವರೆ ನಿಮಿಷಕ್ಕೆ ಇಳಿದಿದೆ. ಹಾಗಾಗಿ ಬೇರೆ ಬೇರೆ ದೇಶಗಳ ಅಚ್ಚುಗಳನ್ನು ಹುಡುಕುವುದಕ್ಕೆ ಅರ್ಥವಿದೆ.

ತೊಡಕು ಇರುವುದು ಮೊದಲ ಮೂರು ಆಲ್ಬಮ್‌ಗಳಲ್ಲಿ. 1970, 1972, 1973ರ ಈ ಕೃತಿಗಳನ್ನು ತಂಡ ತನ್ನ ಲೆಕ್ಕದಿಂದಲೇ ತೆಗೆದುಹಾಕಿದೆ. 2009ರಲ್ಲಿ ಎಂಟು ಆಲ್ಬಮ್‌ಗಳನ್ನು ಒಟ್ಟಿಗೆ ತಂದಾಗ ಆರಂಭಿಸಿದ್ದು 'ಆಟೋಬಾನ್'ನಿಂದ. ಆ ಮೊದಲ ಹಾಡುಗಳು ಉಳಿದಿರುವುದು ಹಳೆಯ ಪ್ರತಿಗಳಲ್ಲಿ, 1975ರಲ್ಲಿ ಇಂಗ್ಲೆಂಡಿನ ವರ್ಟಿಗೋ ಕಂಪನಿ ತಂದ 'ಎಕ್ಸೆಲರ್ 8'ರಂಥ ಸಂಕಲನಗಳಲ್ಲಿ, ಮತ್ತೆ ಕಳ್ಳ ಅಚ್ಚುಗಳಲ್ಲಿ.

ನಾನಿರುವುದು ಟಿನ್ ಫ್ಯಾಕ್ಟರಿ ಹತ್ತಿರದ ಒಂದು ಬಾಡಿಗೆ ಕೋಣೆಯಲ್ಲಿ. ಮನೆ ಮಾಲೀಕರು, ಜರ್ಮನಿಯ ಎಇಜಿ ಸಹಯೋಗದಲ್ಲಿ ಶುರುವಾದ ಎನ್‌ಜಿಇಎಫ್‌ನಲ್ಲಿ ದುಡಿದವರು. ಈ ಕಥೆ ಕೇಳಿ ಅವರು, "ಅಲ್ಲಪ್ಪ, ಮಾಡಿದೋರೇ ಬೇಡ ಅಂದಮೇಲೆ ನೀನ್ಯಾಕೆ ಇಟ್ಕೊಂಡಿದೀಯ?" ಎಂದರು. "ಕಾರ್ಖಾನೆ ಮುಚ್ಚಿದ ಮೇಲೂ ನೀವು ಐಡಿ ಕಾರ್ಡ್ ಇಟ್ಕೊಂಡಿಲ್ವಾ ಸಾರ್?" ಎಂದೆ. "ಅದು ನಂದು. ಇದು ಅವರದು," ಎಂದರು. ಆ ಮಾತಿಗೆ ನನ್ನಲ್ಲಿ ತಕ್ಷಣ ಉತ್ತರ ಇರಲಿಲ್ಲ.

ಹಸ್ತಪ್ರತಿಗಳ ಅಭ್ಯಾಸ ಇರುವವರಿಗೆ ಪಾಠಾಂತರ ಹೊಸದಲ್ಲ. ಶೂನ್ಯಸಂಪಾದನೆಯನ್ನೇ ನೋಡಿ. ಶಿವಗಣಪ್ರಸಾದಿ ಮಹಾದೇವಯ್ಯನಿಂದ ಗೂಳೂರು ಸಿದ್ಧವೀರಣ್ಣನವರೆಗೆ ಬೇರೆ ಬೇರೆ ಸಂಪಾದಕರು ಶರಣರ ವಚನಗಳನ್ನು ಆಯ್ದು, ಸಂವಾದದ ರೂಪದಲ್ಲಿ ಜೋಡಿಸಿದರು. ಆ ಜೋಡಣೆ ವಚನಕಾರರದಲ್ಲ, ಆದರೂ ಅದು ನಮ್ಮ ದೊಡ್ಡ ಕೃತಿಗಳಲ್ಲೊಂದು. ಫ.ಗು. ಹಳಕಟ್ಟಿಯವರು ತಾಡೋಲೆಗಳನ್ನು ಹುಡುಕಿ ಕೂಡಿಸಿ, 1923ರಲ್ಲಿ 'ವಚನಶಾಸ್ತ್ರಸಾರ' ತಂದದ್ದೂ ಕಾಪಿಟ್ಟ ಕೈಗಳಿದ್ದುದರಿಂದಲೇ. ಆದರೆ ಈ ಹೋಲಿಕೆಗೆ ಒಂದು ಮಿತಿಯಿದೆ: ಶರಣರು 'ಇದನ್ನು ಉಳಿಸಬೇಡಿ' ಎಂದಿರಲಿಲ್ಲ. ಇಲ್ಲಿ ಹಾಡಿದವರೇ ಬೇಡ ಎನ್ನುತ್ತಿದ್ದಾರೆ. ಪರಂಪರೆಯ ಹೆಸರು ಹೇಳಿ ಅವರ ಮಾತನ್ನು ತಳ್ಳಿಹಾಕಲಾಗದು.

ನನಗೆ ದಾರಿ ತೋರಿಸಿದ್ದು ಅವರದೇ ಇನ್ನೊಂದು ಹಾಡು. 1975ರ 'ರೇಡಿಯೋ-ಆಕ್ಟಿವಿಟಿ' ರೇಡಿಯೋ ಅಲೆ ಮತ್ತು ವಿಕಿರಣ ಎರಡರ ಜೊತೆಗೂ ಪದದಾಟ ಆಡುತ್ತದೆ. ಅಣುಶಕ್ತಿಯ ಪರವೋ ವಿರುದ್ಧವೋ ಹೇಳುವುದಿಲ್ಲ. 1986ರಲ್ಲಿ ಚೆರ್ನೋಬಿಲ್ ದುರಂತ ನಡೆಯಿತು. 1991ರಲ್ಲಿ ಅದೇ ಹಾಡನ್ನು ಮತ್ತೆ ಮಾಡಿದಾಗ 'ನಿಲ್ಲಿಸಿ' ಎಂಬರ್ಥದ ಒಂದು ಪದವೂ ಚೆರ್ನೋಬಿಲ್, ಹಿರೋಶಿಮಾ ಮೊದಲಾದ ಊರುಗಳ ಹೆಸರೂ ಸೇರಿದವು. 2012ರಲ್ಲಿ ಜಪಾನಿನಲ್ಲಿ ಹಾಡುವಾಗ ಫುಕುಶಿಮಾ ಸೇರಿತು. ಕೈಗಾ ಸ್ಥಾವರದ ವಿರುದ್ಧ ಶಿವರಾಮ ಕಾರಂತರು ನಿಂತದ್ದನ್ನು ಬಲ್ಲ ನಮಗೆ ಆ ಒಂದು ಪದದ ತೂಕ ಗೊತ್ತು.

ಈಗ 1975ರ ಪ್ರತಿಗಳೆಲ್ಲ ಮಾಯವಾದವು ಎಂದುಕೊಳ್ಳೋಣ. ಆಗ 1991ರ ಹಾಡು ಮೊದಲಿನಿಂದಲೂ ಹಾಗೇ ಇತ್ತೆಂದು ಕಾಣುತ್ತದೆ. ತಮ್ಮದೇ ಹಾಡನ್ನು ತಿದ್ದಿಕೊಂಡವರ ದಿಟ್ಟತನ ಯಾರಿಗೂ ತಿಳಿಯುವುದಿಲ್ಲ. ಮನಸ್ಸು ಬದಲಾಯಿಸುವ ಹಕ್ಕು ಅವರಿಗಿದೆ; ಬದಲಾದದ್ದು ನಮಗೆ ಕಾಣಬೇಕಾದರೆ ಮೊದಲಿನದು ಎಲ್ಲೋ ಒಂದು ಕಡೆ ಉಳಿದಿರಬೇಕು. ಮೊದಲ ಮೂರು ಆಲ್ಬಮ್‌ಗಳಿಗೂ ಇದೇ ಮಾತು. ಅವುಗಳಲ್ಲಿ ಕೊಳಲಿದೆ, ಕೈಯಿಂದ ಬಾರಿಸಿದ ಡ್ರಮ್ ಇದೆ. ಯಂತ್ರದ ಸಂಗೀತಗಾರರು ಯಂತ್ರಗಳ ನಡುವೆಯೇ ಹುಟ್ಟಿ ಬರಲಿಲ್ಲವೆಂದು ಅವನ್ನು ಕೇಳಿದಾಗಲೇ ಗೊತ್ತಾಗುವುದು.

ಹಾಗಂತ ಕೂಡಿಸುವವರಿಗೆ ಎಲ್ಲಕ್ಕೂ ಪರವಾನಗಿ ಸಿಕ್ಕಿತೆಂದಲ್ಲ. ಬೇಡವೆಂದದ್ದನ್ನು ಕದ್ದು ಅಚ್ಚು ಮಾಡಿ ಮಾರುವುದು ಬೇರೆ, 1970ರಲ್ಲಿ ಅವರೇ ಮಾರಿದ ಪ್ರತಿಯನ್ನು ಉಳಿಸಿಕೊಳ್ಳುವುದು ಬೇರೆ. ಹಳೆಯ ಪಾಠವನ್ನು ಅದರ ಇಸವಿಯ ಸಮೇತ ಇಡಬೇಕು, ಅದನ್ನೇ ಅವರ ಕೊನೆಯ ಮಾತೆಂದು ಸಾರಬಾರದು. ಪ್ಲಾಸ್ಟಿಕ್ ಹೊದಿಕೆಯನ್ನೂ ಬಿಚ್ಚದೆ ಬೆಲೆ ಏರಲಿ ಎಂದು ಬೀರುವಿನಲ್ಲಿಟ್ಟವರಿಂದ ಹಾಡು ಉಳಿಯಿತೆಂದು ನಾನು ಒಪ್ಪಲಾರೆ.

ಮಾಲೀಕರ ಮಾತಿಗೆ ಈಗ ಇಷ್ಟು ಹೇಳಬಲ್ಲೆ: ಹಾಡು ಅವರದೇ ಸಾರ್, ಆದರೆ ಅದನ್ನು ಕೇಳಿದವರ ನೆನಪಿನ ಮೇಲೆ ಅವರಿಗೆ ಹಕ್ಕಿಲ್ಲ. ಅವರು ಒಪ್ಪುತ್ತಾರೆಂಬ ನಂಬಿಕೆ ನನಗಿಲ್ಲ.