ಇದು ಯಾರ ಕರ್ಮದ ಫಲ?

ನವರಾತ್ರಿಯಲ್ಲಿ ಜಗನ್ಮಾತೆಯ ಮುಂದೆ ಕೈಮುಗಿದು ನಿಂತ ತಾಯಂದಿರೆಲ್ಲರೂ ವರವನ್ನೇ ಬೇಡುವುದಿಲ್ಲ. ಉತ್ತರವನ್ನು ಬೇಡುವವರೂ ಉಂಟು. ಮೂರು ವರ್ಷ ತುಂಬಿದ ಮಗು ಹೆಸರು ಹಿಡಿದು ಕರೆದರೆ ತಿರುಗದು. ಕಣ್ಣಿಗೆ ಕಣ್ಣು ಕೂಡಿಸದು. ಆಡಲು ಕೊಟ್ಟ ಬೊಂಬೆಗಳನ್ನು ಸಾಲಾಗಿ ಜೋಡಿಸುತ್ತ ಗಂಟೆಗಟ್ಟಲೆ ಕುಳಿತಿರುತ್ತದೆ. ವೈದ್ಯರು ಇದನ್ನು ಆಟಿಸಂ ಎನ್ನುತ್ತಾರೆ. ಕನ್ನಡದಲ್ಲಿ ಸ್ವಲೀನತೆಯೆಂಬ ಹೆಸರಿದೆ. ಹೆಸರು ತಿಳಿದ ಮೇಲೂ ತಾಯಿಯ ಪ್ರಶ್ನೆ ತೀರುವುದಿಲ್ಲ. ಇದು ಏತರಿಂದ ಬಂತು? ಯಾರ ತಪ್ಪಿನಿಂದ ಬಂತು?

ಕೇಳಲು ಒಂದೇ ಎನಿಸಿದರೂ ಇವು ಎರಡು ಪ್ರಶ್ನೆಗಳು. ಮೊದಲನೆಯದು ಕಾರಣವನ್ನು ಅರಸುತ್ತದೆ, ಎರಡನೆಯದು ಅಪರಾಧಿಯನ್ನು. ಇವೆರಡನ್ನೂ ಬೆರೆಸಿದ್ದರಿಂದ ನೊಂದ ತಾಯಂದಿರಿಗೆ ಲೆಕ್ಕವಿಲ್ಲ.

ಊರಿನಿಂದ ಬಂದ ಹಿರಿಯರು ‘ಪೂರ್ವಜನ್ಮದ ಕರ್ಮ’ ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ನಾಗದೋಷ, ಬಸುರಿಯಾಗಿದ್ದಾಗ ಗ್ರಹಣ ನೋಡಿದಳೆಂಬ ದೂರು, ಇವೂ ಅದರೊಡನೆ ಸೇರುತ್ತವೆ. ಕರ್ಮಸಿದ್ಧಾಂತವನ್ನು ಅಲ್ಲಗಳೆಯುವುದು ಇಲ್ಲಿಯ ಉದ್ದೇಶವಲ್ಲ. ಆದರೆ ಕರ್ಮದ ಜಾಡನ್ನು ಅರಿಯುವುದು ಎಷ್ಟು ದುಸ್ತರವೆಂದು ಗೀತೆಯ ನಾಲ್ಕನೆಯ ಅಧ್ಯಾಯದಲ್ಲಿ ಭಗವಂತನೇ ಅರ್ಜುನನನ್ನು ಎಚ್ಚರಿಸಿದ್ದಾನೆ. ಹೀಗಿರುವಾಗ ನೆರೆಮನೆಯ ಮಗುವಿನ ಜನ್ಮಾಂತರದ ಜಮಾ-ಖರ್ಚನ್ನು ಕಾಫಿ ಕುಡಿಯುತ್ತ ತಾಳೆ ನೋಡುವ ಅಧಿಕಾರವನ್ನು ಕೊಟ್ಟವರಾರು? ಆ ಖಾತೆಯ ಪುಸ್ತಕವನ್ನು ಕಂಡವರಿಲ್ಲ. ತನ್ನ ದುಃಖವನ್ನು ತಾಳಿಕೊಳ್ಳಲು ಒಬ್ಬನು ಕರ್ಮವನ್ನು ನೆನೆದರೆ ಅದು ಅವನಿಗೆ ಧೈರ್ಯ ಕೊಟ್ಟೀತು. ಅದೇ ಮಾತನ್ನು ಇನ್ನೊಬ್ಬರ ದುಃಖದ ಮೇಲೆ ಹೊರಿಸುವುದು ಕ್ರೌರ್ಯ.

ಓದು ಬಾರದವರು ಮಾತ್ರ ಹೀಗೆ ಮಾಡುತ್ತಾರೆಂದು ತಿಳಿಯಬೇಕಾಗಿಲ್ಲ. ಈ ವಿಷಯದಲ್ಲಿ ವಿದ್ವಾಂಸರು ಅವರನ್ನೂ ಮೀರಿಸಿದರು. 1943ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದ ಲಿಯೋ ಕಾನರ್ ಎಂಬ ವೈದ್ಯರು 11 ಮಕ್ಕಳನ್ನು ಪರೀಕ್ಷಿಸಿ, ಇದು ಹುಟ್ಟಿನೊಂದಿಗೇ ಬಂದ ಸ್ಥಿತಿಯೆಂದು ಬರೆದರು. ಅದೇ ಲೇಖನದಲ್ಲಿ, ಈ ಮಕ್ಕಳ ತಾಯ್ತಂದೆಗಳಲ್ಲಿ ಅಕ್ಕರೆಯುಳ್ಳವರು ವಿರಳವೆಂಬ ಮಾತನ್ನೂ ಸೇರಿಸಿದರು. ಆ ಒಂದು ಮಾತು ಬೆಳೆದು ಹೆಮ್ಮರವಾಯಿತು. ‘ರೆಫ್ರಿಜರೇಟರ್ ತಾಯಿ’ ಎಂಬ ಬಿರುದು ಹುಟ್ಟಿತು. ಮಮತೆಯ ಬಿಸುಪಿಲ್ಲದ ಹೆಣ್ಣೆಂದು ಅದರ ಭಾವ. ಷಿಕಾಗೋದ ಬ್ರೂನೋ ಬೆಟಲ್‌ಹೈಂ ನಾಜಿಗಳ ಸೆರೆಶಿಬಿರಗಳಲ್ಲಿ ಸ್ವತಃ ನರಳಿ ಬಂದವರು. ಅಲ್ಲಿಯ ಕೈದಿಗಳ ಮೌನಕ್ಕೂ ಈ ಮಕ್ಕಳ ಮೌನಕ್ಕೂ ಅವರು ಸಾಮ್ಯವನ್ನು ಕಂಡರು. 1967ರ ‘ದಿ ಎಂಪ್ಟಿ ಫೋರ್ಟ್ರೆಸ್’ ಗ್ರಂಥದಲ್ಲಿ ದೋಷವನ್ನು ಹೆತ್ತವರ ತಲೆಗೆ ಕಟ್ಟಿದರು. ಮಗುವನ್ನು ಮನೆಯಿಂದ ಬೇರ್ಪಡಿಸುವುದೇ ಚಿಕಿತ್ಸೆಯೆನಿಸಿತು. ಅಷ್ಟು ನೊಂದವರಿಗೆ ಇನ್ನೊಬ್ಬರ ನೋವು ಕಾಣದೆ ಹೋದುದು ಆಶ್ಚರ್ಯವೇ ಸರಿ.

ಈ ವಾದಕ್ಕೆ ಇದಿರಾಗಿ ನಿಂತವರು ಒಬ್ಬ ತಂದೆ. ಅಮೆರಿಕದ ನೌಕಾಪಡೆಯಲ್ಲಿ ಮನಶ್ಶಾಸ್ತ್ರಜ್ಞರಾಗಿದ್ದ ಬರ್ನಾರ್ಡ್ ರಿಮ್ಲೆಂಡ್ ಅವರ ಮಗನೇ ಅಂಥ ಮಗು. ಮಮತೆಯಿಂದ ಸಾಕಿದ ತಾಯಿಯನ್ನು ಅವರು ದಿನವೂ ಕಾಣುತ್ತಿದ್ದರು. ದೊರೆತ ಬರಹಗಳನ್ನೆಲ್ಲ ಜಾಲಾಡಿ, ಇದರ ಮೂಲ ಮಿದುಳಿನಲ್ಲಿದೆಯೇ ಹೊರತು ಲಾಲನೆಯಲ್ಲಿಲ್ಲವೆಂದು 1964ರಲ್ಲೇ ಅವರು ಪುಸ್ತಕ ಬರೆದಿದ್ದರು. ಅದಕ್ಕೆ ಮುನ್ನುಡಿ ಕಾನರ್ ಅವರದೇ. 1969ರಲ್ಲಿ ಪೋಷಕರ ಸಭೆಯೊಂದರಲ್ಲಿ ಕಾನರ್ ತಾಯ್ತಂದೆಗಳನ್ನು ದೋಷಮುಕ್ತರೆಂದು ಬಹಿರಂಗವಾಗಿ ಸಾರಿದರು. 1977ರಲ್ಲಿ ಸೂಸನ್ ಫೋಲ್‌ಸ್ಟೈನ್ ಮತ್ತು ಮೈಕೆಲ್ ರಟ್ಟರ್ 21 ಅವಳಿ ಜೋಡಿಗಳನ್ನು ಪರಿಶೀಲಿಸಿದರು. ತದ್ರೂಪಿ ಅವಳಿಗಳ 11 ಜೋಡಿಗಳಲ್ಲಿ 4ರಲ್ಲಿ ಇಬ್ಬರಿಗೂ ಸ್ವಲೀನತೆಯಿತ್ತು. ಉಳಿದ 10 ಜೋಡಿಗಳಲ್ಲಿ ಒಂದರಲ್ಲೂ ಹಾಗಿರಲಿಲ್ಲ. ಬೀಜದಲ್ಲೇ ಏನೋ ಇದೆಯೆಂಬುದು ಆಗ ಸ್ಪಷ್ಟವಾಯಿತು.

ಹಾಗೆಂದು ಹೆತ್ತವರ ಕಣ್ಣಿಗೆ ತೋರಿದುದೆಲ್ಲ ನಿಜವಾಗುವುದಿಲ್ಲ. 1998ರಲ್ಲಿ ಲಂಡನ್ನಿನ ಆಂಡ್ರೂ ವೇಕ್‌ಫೀಲ್ಡ್ 12 ಮಕ್ಕಳನ್ನು ಕುರಿತ ಲೇಖನದಲ್ಲಿ ದಡಾರದ ಲಸಿಕೆಯ ಮೇಲೆ ಸಂದೇಹ ಎಬ್ಬಿಸಿದಾಗ ಸಾವಿರಾರು ತಾಯ್ತಂದೆಗಳು ನಂಬಿದರು. ರಿಮ್ಲೆಂಡ್ ಅವರೂ ತಮ್ಮ ಕೊನೆಯ ವರ್ಷಗಳಲ್ಲಿ ಲಸಿಕೆಗಳನ್ನು ಶಂಕಿಸುವವರ ಪಕ್ಷದಲ್ಲಿದ್ದರು. ನಂಬಿಕೆಗೆ ಆಸ್ಪದವೂ ಇತ್ತು. ಲಸಿಕೆ ಹಾಕಿಸುವ ವಯಸ್ಸು, ಆಡುತ್ತಿದ್ದ ಮಾತು ನಿಂತುಹೋಗುವ ವಯಸ್ಸು, ಎರಡೂ ಹೆಚ್ಚುಕಡಿಮೆ ಒಂದೇ. ಒಂದರ ಹಿಂದೆ ಒಂದು ಬಂದುದನ್ನು ಒಂದರಿಂದ ಒಂದು ಬಂತೆಂದು ತಿಳಿಯುವುದು ಮನುಷ್ಯಸಹಜ. ಆ ಲೇಖನವನ್ನು ಪತ್ರಿಕೆ 2010ರಲ್ಲಿ ಹಿಂತೆಗೆದುಕೊಂಡಿತು. ಡೆನ್ಮಾರ್ಕಿನ ಆರೂವರೆ ಲಕ್ಷಕ್ಕೂ ಹೆಚ್ಚು ಮಕ್ಕಳನ್ನು ಕುರಿತ, 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಲಸಿಕೆಗೂ ಸ್ವಲೀನತೆಗೂ ಯಾವ ನಂಟೂ ಕಾಣಲಿಲ್ಲ.

ಮಹಾನಗರದ ಕನ್ನಡ ಮನೆಗಳಲ್ಲಿ ಆರೋಪದ ಬಗೆ ಬೇರೆ. ತಾಯಿ ಕೆಲಸಕ್ಕೆ ಹೋಗುತ್ತಾಳೆ, ಅಜ್ಜಿ ಜೊತೆಗಿಲ್ಲ, ಟೀವಿಯೇ ದಾದಿ ಎಂದು ಒಂದು ಮಾತು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿಯೋ ತಮಿಳೋ, ಶಾಲೆಯಲ್ಲಿ ಇಂಗ್ಲಿಷು, ಆದುದರಿಂದಲೇ ಮಗು ಮೂಕವಾಯಿತೆಂದು ಇನ್ನೊಂದು ಮಾತು. ಕನ್ನಡವನ್ನು ಬಿಟ್ಟುಬಿಡಿರೆಂದು ಸಲಹೆ ಕೊಡುವವರಿಗೂ ಕೊರತೆಯಿಲ್ಲ. ಎರಡು ನುಡಿಗಳ ನಡುವೆ ಬೆಳೆದುದರಿಂದ ಸ್ವಲೀನತೆ ಬರುವುದಿಲ್ಲ. ತಾಯಿಗೆ ಲಾಲಿ ಹಾಡಲು, ಗದರಿಸಲು, ಮುದ್ದಿಸಲು ಬರುವ ಭಾಷೆಯನ್ನು ಮನೆಯಿಂದ ಹೊರಗೆ ಹಾಕಿದರೆ ಆ ಮಗುವಿಗೆ ಉಳಿಯುವುದಾದರೂ ಏನು?

ವಂಶವಾಹಿಗಳ ಮಾತು ಹರಡಿದ ಮೇಲೆ ಅಪರಾಧದ ಹುಡುಕಾಟ ಬೇರೆ ದಾರಿ ಹಿಡಿದಿದೆ. ‘ನಿಮ್ಮ ಕಡೆ ಯಾರಿಗಿತ್ತು?’ ಎಂದು ಬೀಗರು ಬೀಗರನ್ನು ಕೇಳುತ್ತಾರೆ. ಇದಕ್ಕೆ ಸಂಬಂಧಿಸಿದ ವಂಶವಾಹಿಗಳು ನೂರಾರು. ಕೆಲವು ಬದಲಾವಣೆಗಳು ತಾಯಿಯಲ್ಲೂ ತಂದೆಯಲ್ಲೂ ಇರದೆ ಮಗುವಿನಲ್ಲೇ ಹೊಸದಾಗಿ ಮೂಡಿದವು. ತಂದೆಯ ವಯಸ್ಸು ಹೆಚ್ಚಾಗಿರುವುದು, ದಿನ ತುಂಬುವ ಬಹಳ ಮೊದಲೇ ಹೆರಿಗೆಯಾಗುವುದು, ಇವೂ ಸಂಭವವನ್ನು ಸ್ವಲ್ಪ ಹೆಚ್ಚಿಸುತ್ತವೆ. ಒಂದೊಂದು ಮಗುವಿನ ವಿಷಯದಲ್ಲಿ ಇದೇ ಕಾರಣವೆಂದು ಬೆರಳಿಟ್ಟು ತೋರಿಸುವುದು ಬಹುಮಟ್ಟಿಗೆ ಇಂದಿಗೂ ಸಾಧ್ಯವಾಗಿಲ್ಲ.

ಮಹಾಭಾರತದ ವನಪರ್ವದಲ್ಲಿ ಅಷ್ಟಾವಕ್ರನ ಕಥೆ ಬರುತ್ತದೆ. ಗರ್ಭದಲ್ಲಿದ್ದಾಗಲೇ ತಂದೆಯ ಪಾಠದ ತಪ್ಪನ್ನು ಎತ್ತಿ ತೋರಿದ್ದಕ್ಕೆ ತಂದೆ ಕಹೋಡನೇ ಶಪಿಸಿದನು. ಮಗು ಎಂಟು ಕಡೆ ಡೊಂಕಾಗಿ ಹುಟ್ಟಿತು. ಇಲ್ಲಿ ಕಾರಣವೂ ಗೊತ್ತು, ಅಪರಾಧಿಯೂ ಗೊತ್ತು. ಆದರೂ ಆ ಮಗ ತಂದೆಯನ್ನು ಕಟಕಟೆಗೆ ನಿಲ್ಲಿಸಲಿಲ್ಲ. ಜನಕನ ಸಭೆಗೆ ಹೋಗಿ, ವಾದದಲ್ಲಿ ಸೋತು ನೀರಿನ ಪಾಲಾಗಿದ್ದ ಅದೇ ತಂದೆಯನ್ನು ಬಿಡಿಸಿ ತಂದನು. ಈ ಕಥೆಯನ್ನು ಹೇಳುವವರು ಶಾಪದಲ್ಲೇ ನಿಂತುಬಿಡುವುದು ಹೆಚ್ಚು.

ಮಗು ಬೆಳೆದಂತೆ ಮನೆಯವರ ಪ್ರಶ್ನೆಯೂ ಬದಲಾಗುತ್ತದೆ. ಏಕೆ ಬಂತೆಂಬ ಚಿಂತೆ ಹಿಂದಾಗಿ, ‘ನಮ್ಮ ನಂತರ ಯಾರು?’ ಎಂಬ ಚಿಂತೆ ಮುಂದಾಗುತ್ತದೆ. ಅದಕ್ಕೆ ಅಲ್ಪಸ್ವಲ್ಪ ಉತ್ತರ ಈ ದೇಶದ ಕಾನೂನಿನಲ್ಲಿದೆ. 1999ರ ರಾಷ್ಟ್ರೀಯ ನ್ಯಾಸ ಅಧಿನಿಯಮದಂತೆ 18 ವರ್ಷ ದಾಟಿದ ಇಂಥವರಿಗೆ ಜಿಲ್ಲೆಯ ಸ್ಥಳೀಯ ಸಮಿತಿ ಪಾಲಕರನ್ನು ನೇಮಿಸಬಹುದು. 2016ರ ಅಂಗವಿಕಲರ ಹಕ್ಕುಗಳ ಅಧಿನಿಯಮವು ಸ್ವಲೀನತೆಯನ್ನು 21 ವೈಕಲ್ಯಗಳಲ್ಲಿ ಒಂದೆಂದು ಎಣಿಸಿದೆ. ಕಾಗದದಲ್ಲಿ ಪಾಲಕರಾಗಲು ಒಬ್ಬ ಚಿಕ್ಕಪ್ಪನೋ ಸೋದರತ್ತೆಯೋ ಮುಂದೆ ಬರಬೇಕು. ಅರ್ಜಿಯಲ್ಲಿ ಆ ಹೆಸರಿಗೆಂದು ಬಿಟ್ಟ ಜಾಗ ಎಷ್ಟೋ ಮನೆಗಳಲ್ಲಿ ಇನ್ನೂ ಖಾಲಿಯಿದೆ.