ಸರ್ಟಿಫಿಕೇಟ್ ಸಿಕ್ಕಿದ ಮೇಲೆ

ಇಂಗ್ಲಿಷ್ ಸರಿಯಾಗಿ ಬಾರದವನು ಇಂಗ್ಲಿಷ್ ಕಲಿಸಬಹುದೇ? ನೌಕರಿಯಲ್ಲಿದ್ದ ಅಷ್ಟೂ ವರ್ಷ ಈ ಪ್ರಶ್ನೆಯನ್ನು ನಾನು ಯಾರ ಹತ್ತಿರವೂ ಕೇಳಲಿಲ್ಲ. ಕೇಳಿದರೆ ಮೊದಲು ಸಿಕ್ಕಿಬೀಳುವವನು ನಾನೇ ಎಂದು ಗೊತ್ತಿತ್ತು. ಈಗ ರಿಟೈರ್ ಆಗಿದ್ದೇನೆ, ಕೇಳಬಹುದು.

ನಾನು ಕಾಸರಗೋಡಿನ ಒಂದು ಕನ್ನಡ ಮಾಧ್ಯಮದ ಪ್ರಾಥಮಿಕ ಶಾಲೆಯ ಮಾಷ್ಟ್ರು. ಪ್ರಾಥಮಿಕ ಶಾಲೆಯ ಮಾಷ್ಟ್ರು ಎಂದರೆ ನಿಮಗೆ ಗೊತ್ತಲ್ಲ, ಕನ್ನಡವೂ ಅವನೇ, ಲೆಕ್ಕವೂ ಅವನೇ, ಇಂಗ್ಲಿಷೂ ಅವನೇ. ಇಂಗ್ಲಿಷ್ ಓದಿದರೆ ನನಗೆ ಅರ್ಥವಾಗುತ್ತಿತ್ತು. ಅರ್ಜಿ ಬರೆಯಲಿಕ್ಕೂ ಬರುತ್ತಿತ್ತು. ಆದರೆ ಎದುರಿಗೆ ನಿಂತು ಯಾರಾದರೂ ಇಂಗ್ಲಿಷಿನಲ್ಲಿ ಮಾತಾಡಿಸಿದರೆ ನಾಲಿಗೆ ಒಣಗುತ್ತಿತ್ತು.

ನಮಗೆ ತರಬೇತಿ ಕೊಡಲಿಲ್ಲ ಎಂದು ಮಾತ್ರ ಹೇಳುವ ಹಾಗಿಲ್ಲ. ಮೇ ತಿಂಗಳ ರಜೆಯಲ್ಲಿ ಕೋರ್ಸು, ನಡುನಡುವೆ ಕ್ಲಸ್ಟರ್ ಮೀಟಿಂಗು. ಚಾರ್ಟ್ ಪೇಪರು, ಸ್ಕೆಚ್ ಪೆನ್ನು, ಗುಂಪು ಚಟುವಟಿಕೆ, ಚಪ್ಪಾಳೆ ತಟ್ಟಿ ಹಾಡುವ ಹಾಡು. ತಮಾಷೆ ಮಾಡುತ್ತಿದ್ದೇನೆ ಎಂದು ತಿಳಿಯಬೇಡಿ, ಆ ಹಾಡುಗಳಲ್ಲಿ ಕೆಲವು ನನಗೆ ಕೊನೆಯ ವರ್ಷದವರೆಗೂ ಉಪಯೋಗಕ್ಕೆ ಬಂದಿವೆ. ಆದರೆ ಇಂಗ್ಲಿಷ್ ಕಲಿಸುವುದನ್ನು ನಮಗೆ ಮಲೆಯಾಳದಲ್ಲಿ ಕಲಿಸುತ್ತಿದ್ದರು. ನನ್ನದು ಪೇಟೆ ಮಲೆಯಾಳ. ಮೀನಿನ ಕ್ರಯ ಕೇಳಲಿಕ್ಕೆ ಸಾಕು, ಬೋಧನೆಯ ಸಿದ್ಧಾಂತಕ್ಕೆ ಸಾಲದು. ಹಿಂದಿನ ಬೆಂಚಿನಲ್ಲಿ ಕೂತ ನಾವು ಮೂರು ನಾಲ್ಕು ಮಂದಿ ಕನ್ನಡದವರು ಒಬ್ಬರಿಗೊಬ್ಬರು ಪಿಸುಗುಟ್ಟಿಕೊಂಡು ಅರ್ಧ ಅರ್ಥ ಮಾಡಿಕೊಳ್ಳುತ್ತಿದ್ದೆವು. ಕೊನೆಯ ದಿನ ಎಲ್ಲರಿಗೂ ಸರ್ಟಿಫಿಕೇಟ್. ನಮ್ಮ ತರಗತಿಯ ಮಕ್ಕಳು ಮನೆಯಲ್ಲಿ ಯಾವ ಭಾಷೆ ಆಡುತ್ತಾರೆ ಎಂದು ಅಷ್ಟೂ ಕೋರ್ಸುಗಳಲ್ಲಿ ಒಬ್ಬರೂ ಕೇಳಿದ ನೆನಪಿಲ್ಲ. ಒಂದು ಸೂಚನೆ ಮಾತ್ರ ಪ್ರತಿ ಸಲವೂ ಇರುತ್ತಿತ್ತು: ಇಂಗ್ಲಿಷ್ ಪಿರಿಯಡ್‌ನಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಮಾತು ಕೂಡದು. ಅದನ್ನು ನಾನು ನೋಟ್ಸಿನಲ್ಲಿ ಬರೆದು ಅಡಿಗೆರೆ ಎಳೆದಿದ್ದೆ.

ಅಂಥದೊಂದು ಕೋರ್ಸು ಮುಗಿಸಿ ಬಂದ ಜೂನ್ ತಿಂಗಳು. ನಾಲ್ಕನೇ ತರಗತಿ. ಜಾತ್ರೆಗೆ ಹೋಗುವ ಒಂದು ಸಂಸಾರದ ಚಿತ್ರ ಬರೆದು, ಅದರ ಕೆಳಗೆ ‘ವೀ ಆರ್ ಗೋಯಿಂಗ್ ಟು ದ ಫೇರ್’ ಎಂದು ಬರೆದೆ. ಕೈಕಾಲು ಆಡಿಸಿ, ನಡೆದು ತೋರಿಸಿ, ಕನ್ನಡದ ಒಂದು ಶಬ್ದವನ್ನೂ ಬಳಸದೆ ಅರ್ಥ ಹೇಳುವ ಸಾಹಸ ನಡೆದಿತ್ತು. ಹಿಂದಿನ ಸಾಲಿನ ಒಬ್ಬ ಹುಡುಗ ಎದ್ದು ನಿಂತ. ಮನೆಯಲ್ಲಿ ತುಳು ಮಾತಾಡುವ ಹುಡುಗ.

“ಮಾಷ್ಟ್ರೆ, ವೀ ಅಂದ್ರೆ ನಮನಾ, ಎಂಕುಳಾ?”

“ನೋ ತುಳು. ಸಿಟ್ ಡೌನ್,” ಎಂದೆ.

ಕೂತ. ಆ ವರ್ಷ ಇಂಗ್ಲಿಷ್ ಪಿರಿಯಡ್‌ನಲ್ಲಿ ಅವನು ಮತ್ತೆ ಎದ್ದು ನಿಂತದ್ದು ನಾನು ಹೆಸರು ಕರೆದಾಗ ಮಾತ್ರ.

ತುಳು ಗೊತ್ತಿಲ್ಲದ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕು. ತುಳುವಿನಲ್ಲಿ ‘ನಾವು’ ಎನ್ನಲಿಕ್ಕೆ ಎರಡು ಶಬ್ದ. ‘ನಮ’ ಎಂದರೆ ಕೇಳುವ ನೀವೂ ಸೇರಿ ನಾವು. ‘ಎಂಕುಳು’ ಎಂದರೆ ನಿಮ್ಮನ್ನು ಬಿಟ್ಟು ನಾವು. ಹವ್ಯಕರ ಮಾತಿನಲ್ಲಿ ‘ನಾವು’ ಮತ್ತು ‘ಎಂಗೊ’ ಹೀಗೆಯೇ. ಮಲೆಯಾಳದಲ್ಲಿಯೂ ‘ನಮ್ಮಳ್’ ಬೇರೆ, ‘ಞಙ್ಙಳ್’ ಬೇರೆ. ಪುಸ್ತಕದ ಕನ್ನಡಕ್ಕೂ ಇಂಗ್ಲಿಷಿಗೂ ಈ ಭೇದ ಇಲ್ಲ, ಒಂದೇ ಶಬ್ದದಲ್ಲಿ ಎರಡನ್ನೂ ಮುಗಿಸುತ್ತವೆ. ಹುಡುಗ ಕೇಳಿದ್ದು ಅದನ್ನೇ. ಈ ಜಾತ್ರೆಗೆ ನಾವೂ ಹೋಗುವುದೋ, ಚಿತ್ರದಲ್ಲಿದ್ದವರು ಮಾತ್ರವೋ? ನನ್ನ ಇಂಗ್ಲಿಷ್ ತರಗತಿಯಲ್ಲಿ ಅಷ್ಟು ವರ್ಷಗಳಲ್ಲಿ ಯಾರಾದರೂ ಕೇಳಿದ ಅತ್ಯಂತ ಸೂಕ್ಷ್ಮವಾದ ವ್ಯಾಕರಣದ ಪ್ರಶ್ನೆ ಅದು. ಅವನ ಹತ್ತಿರ ಪ್ರಶ್ನೆ ಇತ್ತು, ನನ್ನ ಹತ್ತಿರ ಸರ್ಟಿಫಿಕೇಟ್ ಇತ್ತು.

ಇದು ನನಗೆ ಹೊಳೆದದ್ದು ಕೂಡ ಅಂದಲ್ಲ. ತುಂಬ ವರ್ಷ ಕಳೆದ ಮೇಲೆ, ತಂಗಿಯ ಮಗಳು ಅಮೇರಿಕದಿಂದ ರಜೆಗೆ ಬಂದಾಗ. ಅವಳು ಅಲ್ಲಿ ಶಾಲೆಯ ಟೀಚರ್. ಇಂಗ್ಲಿಷ್ ಮನೆಮಾತಲ್ಲದ ಮಕ್ಕಳಿಗೆ ಕಲಿಸುವುದು ಅವಳ ಕೆಲಸ. “ಮಾವ, ಇಂಥ ಮಕ್ಕಳ ಟೀಚರುಗಳಿಗೆ ಅಲ್ಲಿ ಬೇರೆಯೇ ತರಬೇತಿ, ಬೇರೆಯೇ ಪುಸ್ತಕ,” ಎಂದು ಕಂಪ್ಯೂಟರಿನಲ್ಲಿ ಕೆಲವನ್ನು ತೋರಿಸಿದಳು. ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದಲ್ಲಿ ‘ವಿಡಾ’ ಎಂಬ ಸಂಸ್ಥೆ ಇದೆ. ಅದು ಮಾಡಿದ ಪಟ್ಟಿಯಲ್ಲಿ, ಇಂಗ್ಲಿಷ್ ಕಲಿಯುವ ಮಗು ಯಾವ ಹಂತದಲ್ಲಿ ಏನೇನು ಮಾಡಬಲ್ಲದು ಎಂದು ಬರೆದಿದ್ದಾರೆ. ಮಾಡಲಿಕ್ಕೆ ಬಾರದ್ದರ ಪಟ್ಟಿಯಲ್ಲ, ಬರುವುದರ ಪಟ್ಟಿ. ನನ್ನ ಪ್ರೋಗ್ರೆಸ್ ಕಾರ್ಡುಗಳನ್ನು ನೆನೆದುಕೊಂಡೆ.

ಇದೆಲ್ಲ ಅಲ್ಲಿ ತಾನಾಗಿ ಆದದ್ದಲ್ಲ, ಕೋರ್ಟಿಗೆ ಹೋಗಿ ಆದದ್ದು ಎಂದು ಅವಳೇ ಹೇಳಿದಳು. 1974ರಲ್ಲಿ ಸಾನ್ ಫ್ರಾನ್ಸಿಸ್ಕೋದ ಚೀನೀ ಮಕ್ಕಳ ಕೇಸು ಅಲ್ಲಿನ ಸುಪ್ರೀಂ ಕೋರ್ಟಿಗೆ ಹೋಯಿತು. ಎಲ್ಲರಿಗೂ ಒಂದೇ ಪುಸ್ತಕ, ಒಂದೇ ಟೀಚರು, ಒಂದೇ ಪಾಠ ಕೊಟ್ಟಿದ್ದೇವಲ್ಲ, ಇನ್ನೆಂತ ಬೇಕು ಎಂಬುದು ಶಾಲೆಯವರ ವಾದ. ಮಗುವಿಗೆ ಆ ಭಾಷೆಯೇ ತಿಳಿಯದಿದ್ದರೆ ಒಂದೇ ಪಾಠ ಕೊಟ್ಟದ್ದು ಸಮಾನತೆ ಆಗುವುದಿಲ್ಲ ಎಂದು ಕೋರ್ಟು ಹೇಳಿತು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಅದಲ್ಲ, ಅದರ ನಂತರದ ಇನ್ನೊಂದು ಕೇಸು. ಟೆಕ್ಸಸ್ ರಾಜ್ಯದ ದಕ್ಷಿಣ ತುದಿಯಲ್ಲಿ ರೇಮಂಡ್‌ವಿಲ್ ಎಂಬ ಸಣ್ಣ ಊರು. ಅದು ಮೆಕ್ಸಿಕೋದ ಗಡಿಯ ಸೀಮೆ. 1848ರ ಒಪ್ಪಂದದಲ್ಲಿ ಗಡಿಯ ಗೆರೆ ಇತ್ಯರ್ಥವಾದಾಗ ಅಲ್ಲಿದ್ದ ಸ್ಪಾನಿಷ್ ಮಾತಿನ ಜನ ಎದ್ದು ಎಲ್ಲಿಗೂ ಹೋದದ್ದಲ್ಲ. ಕೂತಲ್ಲೇ ಬೇರೆ ದೇಶದವರಾದರು. 1956ರ ನವೆಂಬರ್ ಒಂದನೇ ತಾರೀಕಿನ ಕಥೆಯನ್ನು ಹಿರಿಯರಿಂದ ಕೇಳಿದ ನಮಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಆ ಊರಿನ ಶಾಲೆಗಳಲ್ಲಿ ನೂರಕ್ಕೆ ಸುಮಾರು 85 ಮಕ್ಕಳು ಮೆಕ್ಸಿಕೋ ಮೂಲದವರು. ಅವರಿಗಾಗಿ ಎರಡು ಭಾಷೆಗಳ ತರಗತಿಯನ್ನೂ ಇಟ್ಟಿದ್ದರು. ಆದರೆ ಕಾಸ್ಟನ್ಯೇಡಾ ಎಂಬ ಒಬ್ಬ ತಂದೆ, ಇದು ಹೆಸರಿಗೆ ಮಾತ್ರ ಇದೆ ಎಂದು ಕೋರ್ಟಿಗೆ ಹೋದರು.

ವಿಚಾರಣೆಯಲ್ಲಿ ಟೀಚರುಗಳ ತರಬೇತಿಯ ಸಂಗತಿ ಹೊರಗೆ ಬಂತು. ಸ್ಪಾನಿಷ್ ಬಾರದ ಟೀಚರುಗಳಿಗೆ ನೂರು ಗಂಟೆಯ ಕೋರ್ಸು. ಅದರಲ್ಲಿ ಸ್ಪಾನಿಷಿನ 700 ಶಬ್ದ ಕಲಿಸುವುದು. ಕೋರ್ಸಿನ ಕೊನೆಗೆ ಸ್ಪಾನಿಷಿನಲ್ಲಿ ಒಂದು ಪ್ಯಾರಾ ಬರೆಯಬೇಕು, ಬರೆಯುವಾಗ ಡಿಕ್ಷನರಿ ನೋಡಬಹುದು. ಆಮೇಲೆ, ಈ ಟೀಚರು ಎರಡೂ ಭಾಷೆಯಲ್ಲಿ ಕಲಿಸಲು ಅರ್ಹರು ಎಂದು ಸರ್ಟಿಫಿಕೇಟ್. ಓದುತ್ತಾ ನನಗೆ ನಗು ಬಂತು. ನಮ್ಮ ಹಿಂದಿನ ಬೆಂಚು, ಪಿಸುಮಾತು, ಪಕ್ಕದವರ ಚಾರ್ಟು ನೋಡಿ ನಮ್ಮ ಚಾರ್ಟು ಬರೆದದ್ದು ಎಲ್ಲ ನೆನಪಾಯಿತು. ನಗು ಹೆಚ್ಚು ಹೊತ್ತು ಉಳಿಯಲಿಲ್ಲ.

1981ರಲ್ಲಿ ಮೇಲಿನ ಕೋರ್ಟು ಮೂರು ಪ್ರಶ್ನೆ ಇಟ್ಟಿತು. ಶಾಲೆ ಹಿಡಿದ ದಾರಿಗೆ ತಿಳಿದವರು ಒಪ್ಪುವ ಆಧಾರ ಇದೆಯೇ? ಆ ದಾರಿಯಲ್ಲಿ ನಡೆಯಲು ಬೇಕಾದ ಜನ, ತರಬೇತಿ, ಸಾಮಗ್ರಿ ನಿಜವಾಗಿ ಕೊಟ್ಟಿದ್ದಾರೆಯೇ? ಸ್ವಲ್ಪ ಕಾಲ ನಡೆಸಿದ ಮೇಲೆ ಮಗುವಿನ ಅಡ್ಡಿ ನಿವಾರಣೆ ಆಯಿತೇ? ಈ ಟೀಚರುಗಳ ಭಾಷಾಜ್ಞಾನದ ಬಗ್ಗೆ ಗಂಭೀರ ಸಂಶಯ ಇದೆ ಎಂದು ಹೇಳಿ ಕೋರ್ಟು ಆ ವಿಷಯವನ್ನು ಕೆಳಗಿನ ಕೋರ್ಟಿಗೆ ಮರಳಿಸಿತು. ಮೂರರಲ್ಲಿ ಮೊದಲಿನ ಎರಡು ಸರಕಾರಕ್ಕೆ ಕೇಳುವ ಪ್ರಶ್ನೆ ಎಂದು ಬಿಡಬಹುದು. ಮೂರನೆಯದನ್ನು ನಾನು ಹಾಗೆ ಬಿಡಲಾರೆ, ಮಗು ಕೂತದ್ದು ನನ್ನ ಎದುರಿಗೆ.

ಇದನ್ನು ನನ್ನ ಜೊತೆ ಕೆಲಸ ಮಾಡಿದ ಒಬ್ಬ ಹಿರಿಯ ಮಾಷ್ಟ್ರಲ್ಲಿ ಹೇಳಿದೆ. ಅವರು ಒಪ್ಪಲಿಲ್ಲ. “ನೋಡಿ, ಸುರಂಗ ತೋಡುವವನಿಗೆ ಕೋಲಿನ ಲೆಕ್ಕದಲ್ಲಿ ಕೂಲಿ. ನೀರು ಬಂದರೂ ಕೂಲಿ, ಬಾರದಿದ್ದರೂ ಕೂಲಿ. ಗುಡ್ಡೆಯ ಒಳಗೆ ನೀರಿಲ್ಲದ್ದು ಅವನ ತಪ್ಪಾ? ಕರೆದ ಕೋರ್ಸಿಗೆಲ್ಲ ನಾವು ಹೋಗಿದ್ದೇವೆ. ಕೊಟ್ಟ ಪುಸ್ತಕ ಮುಗಿಸಿದ್ದೇವೆ. ಜನಗಣತಿ, ಓಟಿನ ಡ್ಯೂಟಿ, ಮಧ್ಯಾಹ್ನದ ಊಟದ ಲೆಕ್ಕ, ಎಲ್ಲದರ ನಡುವೆ. ಇನ್ನೆಂತ ಬಾಕಿ ಮಾರಾಯ್ರೇ?”

ಮಾತು ಸಣ್ಣದಲ್ಲ. ಒಬ್ಬ ಬಡ ಮಾಷ್ಟ್ರನ ತಲೆಗೆ ಇಡೀ ವ್ಯವಸ್ಥೆಯ ಸೋಲನ್ನು ಕಟ್ಟುವುದು ಅನ್ಯಾಯ. ಕನ್ನಡದವರಿಗೆ ಕನ್ನಡದಲ್ಲಿ ತರಬೇತಿ ಕೊಡಬೇಕಾದ್ದು ಕೊಡಬೇಕಾದವರ ಕರ್ತವ್ಯ, ಅದನ್ನು ಕೇಳುವುದರಲ್ಲಿ ನಾಚಿಕೆ ಇಲ್ಲ. ಆದರೂ ಅವರ ಉದಾಹರಣೆಯೇ ಅವರಿಗೆ ತಿರುಗುತ್ತದೆ. ನಮ್ಮ ಮನೆಯ ಹಿಂದಿನ ಗುಡ್ಡೆಯಲ್ಲಿ ಸುರಂಗ ತೋಡುವುದನ್ನು ನಾನು ಚಿಕ್ಕಂದಿನಲ್ಲಿ ನೋಡಿದ್ದೇನೆ. ತೋಡುವವನು ಕಣ್ಣು ಮುಚ್ಚಿ ಹಾರೆ ಹಾಕುವುದಿಲ್ಲ. ಮಣ್ಣನ್ನು ಕೈಯಲ್ಲಿ ಹಿಂಡಿ ನೋಡುತ್ತಾನೆ, ಪಸೆ ಇದ್ದ ಕಡೆಗೆ ತಿರುಗುತ್ತಾನೆ. ಇಪ್ಪತ್ತು ಕೋಲು ಹೋಗಿಯೂ ಪಸೆ ಸಿಗದಿದ್ದರೆ ಹೊರಗೆ ಬಂದು, ಧಣಿಗಳೇ, ಇದರಲ್ಲಿ ಕಾಣುವುದಿಲ್ಲ ಎಂದು ಹೇಳುತ್ತಾನೆ. ಕೂಲಿ ತೆಗೆದುಕೊಳ್ಳುತ್ತಾನೆ ಸರಿ, ಆದರೆ ನೀರು ಬಂತು ಎಂದು ಚೀಟಿ ಬರೆದು ಕೊಡುವುದಿಲ್ಲ. ನಾನು ಬರೆದು ಕೊಟ್ಟಿದ್ದೇನೆ. ಓದಲು ಬಾರದ ಮಗುವಿನ ಕಾರ್ಡಿನಲ್ಲಿ ‘ಬಿ’ ಎಂದು ಹಾಕಿದ್ದೇನೆ. ಮಗುವಿನ ಮೇಲೆ ದಯೆ ಎಂದುಕೊಂಡಿದ್ದೆ. ಅರ್ಧ ದಯೆ ನನ್ನ ಮೇಲೆಯೇ.

ಹಾಗಾದರೆ ಇನ್ನೂ ಒಳ್ಳೆಯ ಪುಸ್ತಕ, ಇನ್ನೂ ಒಳ್ಳೆಯ ಪದ್ಧತಿ ಸಿಕ್ಕಿದ್ದರೆ ಸರಿಯಾಗುತ್ತಿತ್ತೇ? ಎನ್. ಎಸ್. ಪ್ರಭು ಅವರ ಹೆಸರನ್ನು ಇಲ್ಲಿ ಹೇಳಬೇಕು. 1979ರಿಂದ 1984ರವರೆಗೆ ಬೆಂಗಳೂರು, ಮದ್ರಾಸ್ ಮುಂತಾದ ಕಡೆಯ ಶಾಲೆಗಳಲ್ಲಿ ಅವರು ಒಂದು ಪ್ರಯೋಗ ನಡೆಸಿದರು. ಲೋಕದ ಇಂಗ್ಲಿಷ್ ಅಧ್ಯಾಪಕರೆಲ್ಲ ಅದನ್ನು ‘ಬೆಂಗಳೂರು ಪ್ರಾಜೆಕ್ಟ್’ ಎಂದು ಕರೆಯುತ್ತಾರೆ. ವ್ಯಾಕರಣವನ್ನು ಸಾಲಾಗಿ ಉರು ಹೊಡೆಸುವ ಬದಲು ರೈಲಿನ ವೇಳಾಪಟ್ಟಿ, ಊರಿನ ನಕ್ಷೆ ಇಂಥದನ್ನು ಮಕ್ಕಳ ಎದುರಿಗೆ ಇಟ್ಟು ಲೆಕ್ಕ ಬಿಡಿಸಲಿಕ್ಕೆ ಹೇಳುವುದು. ಅರ್ಥದ ಬೆನ್ನು ಹತ್ತಿದ ಮಗುವಿಗೆ ಭಾಷೆ ಹಿಂದಿನಿಂದ ಬರುತ್ತದೆ ಎಂಬುದು ಅವರ ನಂಬಿಕೆ. ಅಷ್ಟು ಹೆಸರು ಬಂದ ಪದ್ಧತಿಯನ್ನು ಮಾಡಿದವರೇ 1990ರಲ್ಲಿ ಒಂದು ಲೇಖನ ಬರೆದು, ಎಲ್ಲಕ್ಕಿಂತ ಒಳ್ಳೆಯ ಪದ್ಧತಿ ಎಂಬುದೇ ಇಲ್ಲ ಎಂದರು. ಇದು ಹೀಗೆ ನಡೆದೀತು ಎಂದು ಅಧ್ಯಾಪಕನಿಗೆ ಒಳಗಿನಿಂದ ತೋರಬೇಕು. ಆ ತೋರಿಕೆ ತರಗತಿಯಲ್ಲಿ ದಿನಾ ಪೆಟ್ಟು ತಿಂದು, ತಿದ್ದಿಕೊಂಡು ಬದುಕಿರಬೇಕು. ಅದು ಸತ್ತು ಬರಿಯ ಅಭ್ಯಾಸ ಉಳಿದರೆ ಯಾವ ಪದ್ಧತಿಯೂ ನಡೆಯದು. ನಾನು ಅರ್ಥ ಮಾಡಿಕೊಂಡಷ್ಟರಲ್ಲಿ ಅವರ ವಾದ ಇದು.

ಆ ಜೂನಿನಲ್ಲಿ ನನ್ನಲ್ಲಿ ಸತ್ತಿದ್ದದ್ದು ಅದೇ ಇರಬೇಕು. ಹುಡುಗನ ಪ್ರಶ್ನೆ ಒಳ್ಳೆಯದು ಎಂದು ಮನಸ್ಸಿಗೆ ಒಂದು ಕ್ಷಣ ತೋರಿತ್ತು. ನಿಜವಾಗಿ ತೋರಿತ್ತು, ಈಗ ಸುಳ್ಳು ಹೇಳುವುದಿಲ್ಲ. ಆದರೆ ಅಡಿಗೆರೆ ಎಳೆದ ಸೂಚನೆ ಅಡ್ಡ ಬಂತು. ಮಗುವಿನ ಮನೆಮಾತು ತರಗತಿಗೆ ಸಂಪತ್ತು ಎಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟೇ ಬರೆದದ್ದನ್ನು ನಾನು ಆಮೇಲೆ ಓದಿದೆ. ಅಷ್ಟು ದೊಡ್ಡವರು ಬರೆದು ಕೊಡುವ ತನಕ ನನಗೆ ಕಾಯಬೇಕಿತ್ತೇ? ಎದುರಿಗೆ ನಿಂತ ಮಗುವಿನ ಮುಖ ನೋಡಿದರೆ ಸಾಕಿತ್ತು.

ಮೊದಲಿನ ಪ್ರಶ್ನೆಗೆ ಬರುತ್ತೇನೆ. ಇಂಗ್ಲಿಷ್ ಸರಿಯಾಗಿ ಬಾರದವನು ಕಲಿಸಬಹುದು ಎಂದೇ ನನಗೆ ಈಗ ಅನಿಸುತ್ತದೆ, ಆದರೆ ತನಗೆ ಬಾರದ್ದನ್ನು ಮಕ್ಕಳಿಂದ ಅಡಗಿಸದಿದ್ದರೆ ಮಾತ್ರ. ‘ಈ ಶಬ್ದ ನನಗೂ ಗೊತ್ತಿಲ್ಲ, ನೋಡೋಣ’ ಎಂದು ಮಕ್ಕಳ ಎದುರಿಗೇ ಡಿಕ್ಷನರಿ ತೆಗೆದ ದಿನಗಳಲ್ಲಿ ನನ್ನ ತರಗತಿ ಚೆನ್ನಾಗಿ ನಡೆದಿದೆ. ರೇಮಂಡ್‌ವಿಲ್‌ನ ಟೀಚರು ಡಿಕ್ಷನರಿ ನೋಡಿದ್ದು ತಪ್ಪೆಂದು ನಾನು ಹೇಳಲಾರೆ, ನೋಡದೆ ಬರೆದ ಹಾಗೆ ಕಾಗದ ಕೊಟ್ಟದ್ದು ತಪ್ಪು. ಇಂಗ್ಲಿಷ್ ನಿರರ್ಗಳವಾಗಿ ಬರುವ, ಮಗುವಿನ ಒಂದು ಮಾತೂ ತಿಳಿಯದ ಟೀಚರನ್ನೂ ನಾನು ನೋಡಿದ್ದೇನೆ. ನಮ್ಮಿಬ್ಬರಲ್ಲಿ ಯಾರು ಹೆಚ್ಚು ಅನರ್ಹರು ಎಂದು ತೀರ್ಮಾನ ಹೇಳಲು ನನಗೆ ಧೈರ್ಯ ಸಾಲದು.

ಆ ಹುಡುಗ ಮೊನ್ನೆ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದ್ದ. ಗಲ್ಫಿನಲ್ಲಿ ಹದಿನಾರು ವರ್ಷ ಆಯಿತಂತೆ. ಇಂಗ್ಲಿಷ್, ಹಿಂದಿ, ಸ್ವಲ್ಪ ಅರಬಿ ಎಲ್ಲ ಮಾತಾಡುತ್ತಾನೆ, ಕೆಲಸ ಕಲಿಸಿತು ಎಂದ. ಜಾತ್ರೆಯ ಪಾಠದ ಸಂಗತಿ ಹೇಳಿ, ಅಂದು ನಾನು ಗದರಿದ್ದು ತಪ್ಪಾಯಿತು ಎಂದೆ. ಅವನಿಗೆ ನೆನಪೇ ಇಲ್ಲ. “ಹಾಗೆ ಉಂಟಾ ಮಾಷ್ಟ್ರೆ?” ಎಂದು ನಕ್ಕು ಬಸ್ಸಿಗೆ ಹತ್ತಿದ. ಅವನು ಮರೆತದ್ದರಿಂದ ನನ್ನ ಲೆಕ್ಕ ಚುಕ್ತಾ ಆಯಿತೋ ಇಲ್ಲವೋ ಗೊತ್ತಾಗಲಿಲ್ಲ.

ಕಳೆದ ತಿಂಗಳು ನಮ್ಮ ವಾಚನಾಲಯಕ್ಕೆ ಹೊಸದಾಗಿ ಕೆಲಸಕ್ಕೆ ಸೇರಿದ ಒಬ್ಬರು ಟೀಚರ್ ಬಂದರು. ಇಂಗ್ಲಿಷ್ ಕಲಿಸಲಿಕ್ಕೆ ಒಳ್ಳೆಯ ಗೈಡ್ ಯಾವುದಾದರೂ ಉಂಟಾ ಎಂದು ಕೇಳಿದರು. ಕಪಾಟಿನಲ್ಲಿದ್ದ ಎರಡನ್ನು ಕೊಟ್ಟೆ. ಜೊತೆಗೆ ನನ್ನದೊಂದು ಹಳೆಯ ಕಾಪಿ ಪುಸ್ತಕವನ್ನೂ ಕೊಟ್ಟೆ. ಕೊನೆಯ ಆರೇಳು ವರ್ಷ ಬರೆದದ್ದು: ಒಂದು ಕಡೆ ಇಂಗ್ಲಿಷ್ ವಾಕ್ಯ, ಇನ್ನೊಂದು ಕಡೆ ಅದನ್ನು ನಮ್ಮ ಮಕ್ಕಳು ತುಳುವಿನಲ್ಲಿ, ಹವ್ಯಕದಲ್ಲಿ, ಕೊಂಕಣಿಯಲ್ಲಿ, ಮಲೆಯಾಳದಲ್ಲಿ ಹೇಗೆ ಹೇಳುತ್ತಾರೆ ಎಂದು, ಎಲ್ಲಿ ಎಡವುತ್ತಾರೆ ಎಂದು. ಅವರು ನಿಂತಲ್ಲೇ ಪುಟ ತಿರುವಿ ನೋಡಿದರು.

“ಬ್ಯಾರಿ ಮಾತು ಇಲ್ಲವಲ್ಲ ಮಾಷ್ಟ್ರೆ? ನಮ್ಮ ಮನೆಯಲ್ಲಿ ಅದೇ ಆಡುವುದು.”

ಇಲ್ಲ. ನನ್ನ ತರಗತಿಯಲ್ಲಿ ಪ್ರತಿ ವರ್ಷವೂ ಬ್ಯಾರಿ ಮಕ್ಕಳು ಇದ್ದರು. ಅವರದೂ ಮಲೆಯಾಳವೇ ಇರಬೇಕು ಎಂದುಕೊಂಡು ನಾನು ಕೇಳಿರಲಿಲ್ಲ. ಕಾಪಿ ಪುಸ್ತಕದ ಹಿಂದೆ ಹತ್ತು ಹನ್ನೆರಡು ಪುಟ ಖಾಲಿ ಇತ್ತು. ಅದನ್ನು ತೋರಿಸಿದೆ, ಅವರು ಪುಸ್ತಕವನ್ನು ಬ್ಯಾಗಿಗೆ ಹಾಕಿಕೊಂಡರು.